ಕಣ್ಣು ಕಟ್ಟಿಸಿಕೊಂಡ ಡಬ್ಬಿ

ಮೂಳೆಯಮ್ಮನ ಮನೆಯಿಂದ ಕಿರುಚಾಟ ಕೇಳಿದರೆ ಬೀದಿಯಲ್ಲಿ ಯಾರೂ ತಲೆ ಎತ್ತುತ್ತಿರಲಿಲ್ಲ. ಮುರಿದದ್ದನ್ನು ಕೂಡಿಸುವ ಮನೆ, ಅಲ್ಲಿ ಕಿರುಚದೆ ಇನ್ನೇನು ಜೋಗುಳ ಹಾಡುತ್ತಾರೆಯೇ ಎಂದು ಎದುರುಮನೆಯ ದರ್ಜಿ ನಗುತ್ತಿದ್ದ.

ಅವಳ ಕೆಲಸಕ್ಕೊಂದು ರೀತಿ ಇತ್ತು. ಬಂದವರ ಕಣ್ಣಿಗೆ ಬಟ್ಟೆ ಕಟ್ಟಿ, "ಇದನ್ನ ಮಾಡಿದ್ದು ಯಾರೋ ಏನೋ, ಬಾಯಿ ತುಂಬ ಬೈಯಿ" ಅನ್ನುವಳು. ಬೈಗುಳದ ಭರದಲ್ಲಿ ಮೈಯ ಬಿಗಿ ಸಡಿಲಾಗುತ್ತದೆ. ಆ ಗಳಿಗೆಗೆ ಎಳೆದುಬಿಡುವುದು. ಬಣ್ಣ ಬಳಿಯುವವನು ಏಣಿಯನ್ನು ಬೈದ, ಹಾಲಿನವನು ಎಮ್ಮೆಯ ವಂಶವನ್ನೇ ಜಾಲಾಡಿದ. ಮೆಟ್ಟಿಲಿಂದ ಬಿದ್ದೆ ಎಂದು ಬಂದ ಹೆಂಗಸರು ಮಾತ್ರ ಒಮ್ಮೆಯೂ ಮೆಟ್ಟಿಲನ್ನು ಬೈದದ್ದಿಲ್ಲ. ಗಂಡನ ಜನ್ಮ ಜಾಲಾಡುತ್ತಿದ್ದರು. ಆಡಿದ ಮಾತು ಆ ಕೋಣೆಯ ಹೊಸ್ತಿಲು ದಾಟಿರಲಿಲ್ಲ.

ಅಂಥ ಕೋಣೆಗೆ ಸೋದರಳಿಯ ಒಂದು ಮಾತಾಡುವ ಡಬ್ಬಿ ತಂದಿಟ್ಟ. ಬಸ್ ನಿಲ್ದಾಣದಲ್ಲಿ ಟಿಕೆಟ್ ಏಜೆಂಟ್ ಅವನು. ತಾಯಿ ಸತ್ತ ಮೇಲೆ ಮೂಳೆಯಮ್ಮನೇ ಸಾಕಿದ್ದಳು.

"ಅತ್ತೆ, ಇದು ಹಾಡು ಹಾಕುತ್ತೆ, ಟೈಮು ಹೇಳುತ್ತೆ. ನೀವು ಬಿದ್ದು ಗಿದ್ದರೆ ಕೂಗಿ, ನನ್ನ ಫೋನಿಗೇ ಬರುತ್ತೆ."

"ಬಿದ್ದೋರನ್ನ ಎತ್ತೋಳೇ ನಾನು. ತಗೊಂಡು ಹೋಗಪ್ಪ. ಮನೇಲಿ ಇನ್ನೊಂದು ಬಾಯಿ ಬೇಡ ನಂಗೆ."

"ಪ್ರೀತಿಯಿಂದ ತಂದಿದ್ದಕ್ಕೆ ಮುಖ ತಿರುಗಿಸ್ತೀರಲ್ಲ!"

ಅವನು ಹೋದ ಕೂಡಲೇ ತಂತಿ ಕಿತ್ತಳು. ಮಧ್ಯಾಹ್ನವೇ ಬಂದು ನಿಂತ. "ಯಾಕೆ ಆರಿಸಿದ್ರಿ?" ಎಂದು ಮತ್ತೆ ಸಿಕ್ಕಿಸಿ ಹೋದ. ಸಾಕಿದ ಕರುಳು, ಎತ್ತಿ ಎಸೆಯಲು ಕೈ ಬರಲಿಲ್ಲ. ಡಬ್ಬಿಯ ನೆತ್ತಿಯಲ್ಲಿ ನೀಲಿ ಬೆಳಕೊಂದು ಸುತ್ತುತ್ತಿತ್ತು. ಅದೇ ಅದರ ಕಣ್ಣು ಎಂದುಕೊಂಡು, ಬಂದವರಿಗೆ ಕಟ್ಟುವಂಥ ಬಟ್ಟೆಯೊಂದನ್ನೇ ಅದಕ್ಕೂ ಬಿಗಿದಳು. ಕಣ್ಣು ಕಟ್ಟಿದ ಮೇಲೆ ಎಂಥ ಗಟ್ಟಿಗನೂ ಕೈಗೆ ಸಿಕ್ಕಂತೆಯೇ ಎಂಬುದು ಅವಳು ಕಂಡ ಸತ್ಯ. ಆದರೆ ಆ ಡಬ್ಬಿಗೆ ಕಣ್ಣೇ ಇರಲಿಲ್ಲ, ಮೈಯೆಲ್ಲ ಕಿವಿ.

ಒಂದು ಬೆಳಿಗ್ಗೆ ಸೋದರಳಿಯನ ಹೆಂಡತಿ ಬಂದಳು. ಎಡ ಮಣಿಕಟ್ಟು ಚಮಚದ ಹಾಗೆ ಬಾಗಿತ್ತು. ಕತ್ತಿನ ಸುತ್ತ ಬೆರಳುಗಳ ನೀಲಿ ಗುರುತು. ತುಟಿ ಸೀಳಿತ್ತು.

"ಮೆಟ್ಟಿಲಾ?"

"ಹೂಂ, ಮೆಟ್ಟಿಲು."

"ನಿಮ್ಮನೇಲಿ ಮೆಟ್ಟಿಲೇ ಇಲ್ವಲ್ಲೇ."

ಇಬ್ಬರಿಗೂ ನಗು ಬಂತು. ನಕ್ಕದ್ದಕ್ಕೆ ತುಟಿಯಿಂದ ರಕ್ತ ಗದ್ದಕ್ಕಿಳಿಯಿತು. ಮೂಳೆಯಮ್ಮ ಕಣ್ಣು ಕಟ್ಟಿದಳು. "ಬೈಯಿ."

"ಹಾಳಾದ ನಾಯಿ! ಬಾಗಿಲ ಸಂದೀಲಿ ಕೈ ಇಡಿಸಿ ಬಾಗಿಲು ಒದ್ದ, ಅತ್ತೆ! ಮಗೂನ ಆಗ್ಲೇ ಅಕ್ಕನ ಹತ್ರ ಕಳಿಸಿದೀನಿ. ಇವತ್ತು ಸೇತುವೆ ಹತ್ರ ನಿಂತು ನಾನೂ ಬಸ್ ಹತ್ತಿಬಿಡ್ತೀನಿ, ಅವನ ಮುಖಕ್ಕಿಷ್ಟು ಬೆಂಕಿ—"

ಎಳೆದಳು. ಕಟಕ್ಕೆಂದು ಮೂಳೆ ಕೂತಿತು. ಬಿದಿರಿನ ಪಟ್ಟಿ ಇಟ್ಟು ಬಟ್ಟೆ ಸುತ್ತಿ ಮುಗಿಸುವಷ್ಟರಲ್ಲಿ ಬಾಗಿಲು ಗೋಡೆಗೆ ಬಡಿಯಿತು.

"ಸೇತುವೆ ಹತ್ರ ಬಸ್ ಹತ್ತೀಯಾ? ಹತ್ತೇ, ಈಗ ಹತ್ತು!"

ಅವನು ಹೆಂಡತಿಯ ಜುಟ್ಟು ಹಿಡಿದು ಮುಖವನ್ನು ಬೆಂಚಿನ ಅಂಚಿಗೆ ಅಪ್ಪಳಿಸಿದ. ಹಲ್ಲೊಂದು ನೆಲದ ಮೇಲೆ ಉರುಳಿತು. ಬಿದ್ದವಳ ಈಗಷ್ಟೇ ಕಟ್ಟಿದ ಕೈಯ ಮೇಲೆ ಬೂಟುಗಾಲಿಟ್ಟು ತುಳಿದ. ಅವಳ ಚೀತ್ಕಾರ ಬೀದಿಗೆಲ್ಲ ಕೇಳಿತು. ಎದುರುಮನೆಯ ಹೊಲಿಗೆ ಯಂತ್ರದ ಸದ್ದು ಮಾತ್ರ ನಿಲ್ಲಲಿಲ್ಲ.

ಬಸ್ಸಿನ ಮಾತು ಇವನ ಕಿವಿಗೆ ಹೇಗೆ ಬಿತ್ತು? ಮೂಳೆಯಮ್ಮ ಕಪಾಟಿನತ್ತ ನೋಡಿದಳು. ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ಡಬ್ಬಿ ಸಂಭಾವಿತನಂತೆ ಕೂತಿತ್ತು.

"ಬಿಡೋ ಅವಳನ್ನ."

"ಸುಮ್ನಿರೇ ಮುದುಕಿ!" ಎದೆಗೆ ಕೈಯಿಟ್ಟು ತಳ್ಳಿದ. ಅವಳ ಬೆನ್ನು ಕಪಾಟಿಗೆ ಬಡಿದು ಎಣ್ಣೆಯ ಸೀಸೆಗಳು ನೆಲಕ್ಕೆ ಬಿದ್ದು ಚೂರಾದವು. ಅವನು ಬಗ್ಗಿ ಹೆಂಡತಿಯ ಕುತ್ತಿಗೆ ಅಮುಕತೊಡಗಿದ. ಅವಳ ಕಾಲುಗಳು ನೆಲವನ್ನು ಒದ್ದವು, ಆಮೇಲೆ ಒದೆಯುವುದೂ ಕಡಿಮೆಯಾಯಿತು.

ಭುಜ ಯಾವ ದಾರಿಯಲ್ಲಿ ಒಳಕ್ಕೆ ಬರುತ್ತದೆಂದು ಬಲ್ಲವಳಿಗೆ ಹೊರಕ್ಕೆ ಹೋಗುವ ದಾರಿ ಗೊತ್ತಿಲ್ಲದಿರುತ್ತದೆಯೇ? ಹಿಂದಿನಿಂದ ಅವನ ಬಲ ಮಣಿಕಟ್ಟು ಹಿಡಿದಳು, ಹೊರಕ್ಕೆ ತಿರುವಿದಳು, ಬೆನ್ನಿಗೆ ಮಂಡಿ ಊರಿ ಮೇಲೆತ್ತಿದಳು. ಹಸಿ ಕೊಂಬೆ ಮುರಿದಂಥ ಸದ್ದು. ಅವನು ಗಾಜು, ಎಣ್ಣೆಗಳ ಮೇಲೆ ಬೋರಲಾಗಿ ಬಿದ್ದ.

"ಓಡೇ! ಕೈ ಎದೆಗೆ ಒತ್ಕೊಂಡು ಓಡು!"

ಸೊಸೆ ರಕ್ತ ಉಗುಳುತ್ತ ಹಿತ್ತಿಲ ಬಾಗಿಲಿಂದ ಓಡಿದಳು.

ಅವನು ಏಳಲು ಹೋಗಿ ಎಣ್ಣೆಯಲ್ಲಿ ಜಾರಿದ. ಕೆನ್ನೆಗೆ ಗಾಜು ಹೊಕ್ಕಿತು. ಫೋನು ಕೀಲು ತಪ್ಪಿದ ಕೈಯ ಕಡೆಯ ಜೇಬಿನಲ್ಲಿ ಸಿಕ್ಕಿಕೊಂಡಿತ್ತು. ತಲೆ ಎತ್ತಿ ಕಪಾಟಿನ ಕಡೆಗೆ ಅರಚಿದ: "ನಿಲ್ದಾಣಕ್ಕೆ ಫೋನ್ ಮಾಡು!"

"ನಿಲ್ದಾಣಕ್ಕೆ ಕರೆ ಮಾಡುತ್ತಿದ್ದೇನೆ" ಎಂದಿತು ಡಬ್ಬಿ, ಬೆಣ್ಣೆಯಂಥ ದನಿಯಲ್ಲಿ. ರಿಂಗಾಯಿತು. ಆ ಕಡೆಯಿಂದ ಯಾರೋ, "ಹೇಳಣ್ಣ" ಅಂದರು.

"ಸೇತುವೆ ಹತ್ರ—"

ಮೂಳೆಯಮ್ಮ ಬೇರು ಅರೆಯುವ ಗುಂಡುಕಲ್ಲನ್ನು ಎರಡೂ ಕೈಯಿಂದ ಎತ್ತಿ ಡಬ್ಬಿಯ ಮೇಲೆ ಹಾಕಿದಳು. "ಅಣ್ಣಾ?" ಎಂದಿತು ಅದು. ಮತ್ತೆ ಹಾಕಿದಳು. ಬಟ್ಟೆಯೊಳಗಿನ ಚೂರುಗಳು ಮಿಸುಕದಂತಾಗುವವರೆಗೂ ಜಜ್ಜಿದಳು.

"ನಿಮ್ಮಿಬ್ರನ್ನೂ ಕೊಂದುಬಿಡ್ತೀನಿ" ಎಂದು ಅವನು ಊಳಿಟ್ಟ. ಸ್ವಲ್ಪ ಹೊತ್ತಿಗೆ ದನಿ ಇಳಿಯಿತು. "ಅತ್ತೆ, ಜೀವ ಹೋಗ್ತಿದೆ. ಕೂಡಿಸಿ ಅತ್ತೆ."

ಅವಳು ಪಕ್ಕದಲ್ಲಿ ಕೂತಳು. ಕಂಕುಳಿಗೆ ಅಂಗಾಲು ಊರಿ ಮಣಿಕಟ್ಟನ್ನು ಎರಡೂ ಕೈಯಲ್ಲಿ ಹಿಡಿದಳು. ಎಳೆಯಲಿಲ್ಲ. ಅವನು ಏಳಲು ಹೆಣಗಿದಾಗ ಒಂದಿಷ್ಟು ತಿರುವಿದಳು, ಅಷ್ಟೇ. ಅವನ ಬಾಯಿಂದ ನೊರೆ ಬಂತು.

"ತಡ ಆದಷ್ಟೂ ಊತ ಏರುತ್ತೆ ಅಂತ ನೀವೇ ಹೇಳ್ತಿದ್ರಲ್ಲ!"

"ಏರ್ಲಿ ಬಿಡು, ಮಗಾ. ಬಸ್ಸು ಸೇತುವೆ ದಾಟ್ಲಿ" ಎಂದು ಮೂಳೆಯಮ್ಮ ಅಂಗಾಲನ್ನು ಇನ್ನಷ್ಟು ಒತ್ತಿ ಹಿಡಿದಳು.