ಪುಟ್ಟಿಯ ಎರಡನೆಯ ಸೂಜಿ

ದರ್ಜಿ ಅತ್ತೆ ಹೊಲಿದ ಬಟ್ಟೆ ಹರಿದೀತು, ಹೊಲಿಗೆ ಬಿಚ್ಚದು. ಬೀದಿಯವರೆಲ್ಲ ಹೀಗೆ ಹೇಳುತ್ತಿದ್ದರು. ಅತ್ತೆಯೂ ಹೇಳುತ್ತಿದ್ದರು, ತುಸು ಜಾಸ್ತಿಯೇ. ಆ ಮನೆಯಲ್ಲಿ ಗುಂಡಿ ಹಚ್ಚುವುದು ಸೊಸೆಯ ಕೆಲಸ, ಮಾತಾಡುವುದು ಅತ್ತೆಯ ಕೆಲಸ.

ಅಂದು ಸೊಸೆಯ ಒಂದೂವರೆ ವರ್ಷದ ಮಗಳು ಪುಟ್ಟಿಗೆ ಮೆದುಳು ಜ್ವರದ ಎರಡನೆಯ ಲಸಿಕೆ ಹಾಕಿಸಬೇಕಿತ್ತು. ಮೊದಲನೆಯದಕ್ಕೆ ಮಗು ಎರಡು ದಿನ ಮೈ ಬಿಸಿಯಾಗಿ ಅತ್ತಿತ್ತು. "ಇನ್ನೊಂದು ಬೇಡ," ಎಂದು ಅತ್ತೆ ಕತ್ತರಿ ಹಾಕಿದಂತೆ ಹೇಳಿಬಿಟ್ಟಿದ್ದರು. ಎದುರಾಡಿ ಅಭ್ಯಾಸವಿಲ್ಲದ ಸೊಸೆ, ಹೊಲಿಯಲು ಕೊಟ್ಟಿದ್ದ ಕೋಟು ಸಿದ್ಧವಾಗಿದೆ ಎಂದು ಆಸ್ಪತ್ರೆಯ ನರ್ಸಕ್ಕನಿಗೆ ಗುಟ್ಟಾಗಿ ಹೇಳಿಕಳಿಸಿದಳು. ಕೋಟಿಗೆ ಇನ್ನೂ ಒಂದು ತೋಳೇ ಇರಲಿಲ್ಲ.

ನರ್ಸಕ್ಕ ಬಂದರು. ಒಂಟಿ ತೋಳಿನ ಕೋಟು ನೋಡಿದರು, ಸೊಸೆಯ ಮುಖ ನೋಡಿದರು. ಕರೆಸಿದ್ದು ಕೋಟಿಗಲ್ಲ ಎಂದು ತಿಳಿದು ಸ್ಟೂಲು ಎಳೆದು ಕೂತರು.

"ಅಮ್ಮಾ, ಪುಟ್ಟಿಗೆ ಇವತ್ತು ಲಸಿಕೆ ಅಲ್ವಾ?"

"ಯಾಕಮ್ಮಾ ಬೇಕು? ರಕ್ತಕ್ಕೂ ಮೆದುಳಿಗೂ ನಡುವೆ ತಡೆಗೋಡೆ ಇದೆ ಅಂತ ರೇಡಿಯೋದಲ್ಲೇ ಹೇಳಿದ್ರು."

"ಸರಿಯಾಗೇ ಕೇಳಿಸ್ಕೊಂಡಿದೀರ. ಮೆದುಳಿನ ರಕ್ತನಾಳದ ಗೋಡೆಯ ಜೀವಕಣಗಳು ನಿಮ್ಮ ಹೊಲಿಗೆ ಥರಾನೇ ಒತ್ತಾಗಿ ಸೇರ್ಕೊಂಡಿವೆ."

ಕೇಳಿಸಿತೇ ಎಂಬಂತೆ ಅತ್ತೆ ಸೊಸೆಯ ಕಡೆ ನೋಡಿದರು.

"ಆದ್ರೆ ಸೊಳ್ಳೆ ಕಚ್ಚಿ ರಕ್ತ ಸೇರಿದ ವೈರಸ್ಸು ಸುಮ್ನಿರಲ್ಲ. ಗೋಡೆಯ ಕಣದೊಳಗೇ ಹೊಕ್ಕು, ಅಲ್ಲೇ ಸಂಸಾರ ಬೆಳೆಸಿ, ಆ ಕಡೆ ಇಳೀಬಹುದು. ನಮ್ಮನ್ನ ಕಾಯೋ ಬಿಳಿ ರಕ್ತಕಣದ ಹೊಟ್ಟೇಲಿ ಅಡಗಿ ದಾಟಬಹುದು. ಊತ ಬಂದ್ರಂತೂ ಹೊಲಿಗೇನೇ ಸಡಿಲ. ಆಮೇಲೆ ಬಾಗಿಲು ಹಾರುಹೊಡೆದ ಹಾಗೆ."

"ಒಳಗೆ ಹೋದ್ರೆ?"

"ಫಿಟ್ಸು, ಪ್ರಜ್ಞೆ ತಪ್ಪೋದು. ಕೆಲವು ಮಕ್ಕಳು ಉಳಿಯಲ್ಲ. ಉಳಿದ ಕೆಲವರಿಗೆ ಮಾತು, ನಡಿಗೆ ಮೊದಲಿನ ಹಾಗಿರಲ್ಲ."

ಹೊಲಿಗೆ ಯಂತ್ರ ನಿಂತಿತು. ಮೂಲೆಯಲ್ಲಿ ಪುಟ್ಟಿ ಹೊಸದಾಗಿ ಕಲಿತ ನಾಲ್ಕು ಮಾತನ್ನು ಗೋಡೆಗೆ ಹೇಳಿಕೊಡುತ್ತಿದ್ದಳು.

ಆಗ ಸೊಸೆ ಬಾಯಿ ಬಿಟ್ಟಳು. "ಅತ್ತೆ, ಜೇಬಿನ ಬಾಯಿಗೆ ನೀವು ಯಾವತ್ತಾದ್ರೂ ಒಂದೇ ಹೊಲಿಗೆ ಹಾಕಿದೀರಾ?"

"ಒಂದೇನಾ? ಎರಡು ಸಲ ಕೈ ಹಾಕಿದ್ರೆ ಕಿತ್ತು ಬರುತ್ತೆ. ಯಾರಾದ್ರೂ ಹಾಗೆ..." ಅತ್ತೆಯ ಮಾತು ಅರ್ಧಕ್ಕೇ ನಿಂತಿತು. ಸೊಸೆಯನ್ನು ಮೇಲಿಂದ ಕೆಳಗೆ ನೋಡಿದರು. "ಇಷ್ಟು ದಿನ ಈ ನಾಲಿಗೇನ ಎಲ್ಲಿ ಮಡಚಿಟ್ಟಿದ್ದೆ ತಾಯಿ?"

ನರ್ಸಕ್ಕ ನಕ್ಕರು. "ಲಸಿಕೆ ಹಾಕಿಸಿದ್ರೆ ಮೈಗೆ ವೈರಸ್ಸಿನ ಗುರುತು ಸಿಗುತ್ತೆ. ಮೆದುಳಿನ ಬಾಗಿಲಿಗೆ ಹೋಗೋ ಮೊದಲೇ ಹಿಡಿದು ಹಾಕುತ್ತೆ. ಮೈ ಬಿಸಿಯಾಗಿದ್ದು ಪಾಠ ಕಲಿಯೋ ಗಡಿಬಿಡಿ, ಅಷ್ಟೇ. ಈ ಸಲಾನೂ ಬಂದು ಎರಡು ದಿನದಲ್ಲಿ ಇಳೀದಿದ್ರೆ ನನ್ನ ಹತ್ರ ಬನ್ನಿ."

ಆಸ್ಪತ್ರೆಯಲ್ಲಿ ಪುಟ್ಟಿಯನ್ನು ಅತ್ತೆಯೇ ತೊಡೆಯ ಮೇಲೆ ಕೂರಿಸಿಕೊಂಡರು. ದಿನವಿಡೀ ಸೂಜಿ ಹಿಡಿಯುವ ಆಕೆ, ಈ ಸೂಜಿ ಕಂಡದ್ದೇ ಕಣ್ಣು ಮುಚ್ಚಿದರು.

"ಆಯ್ತಾ?"

"ಆಗಿ ಎಷ್ಟೊತ್ತಾಯ್ತು. ಕಣ್ಣು ಬಿಡಿ."

ಒಮ್ಮೆ ಕಿರುಚಿದ ಪುಟ್ಟಿ, ಅಜ್ಜಿಯ ಮುಖ ನೋಡಿ ಕಿಲಕಿಲ ನಕ್ಕಳು. ಮನೆಗೆ ಬರುವ ದಾರಿಯಲ್ಲಿ ಅತ್ತೆ ಬಾಗಿಲು ಬಾಗಿಲಿಗೆ ನಿಂತು, "ನಿಮ್ಮ ಮಗೂಗೆ ಎರಡನೇದು ಆಯ್ತಾ?" ಎಂದು ದಬಾಯಿಸತೊಡಗಿದರು. ಹಿಂದೆ ಬರುತ್ತಿದ್ದ ಸೊಸೆಗೆ ನಗು ತಡೆಯಲಾಗಲಿಲ್ಲ.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮನ್ನೂ ಅದೇ ಕೇಳುತ್ತೇವೆ. ಮಗುವಿನ ಲಸಿಕೆ ಕಾರ್ಡು ತೆಗೆದು ನೋಡಿ. ಮೆದುಳು ಜ್ವರದ ಲಸಿಕೆ ಬಾಕಿ ಇದೆಯೇ ಎಂದು ಆರೋಗ್ಯ ಕಾರ್ಯಕರ್ತೆಯನ್ನು ಕೇಳಿ. ಮಗುವನ್ನು ಸೊಳ್ಳೆಪರದೆಯೊಳಗೆ ಮಲಗಿಸಿ. ಜ್ವರದ ಜೊತೆ ಫಿಟ್ಸ್, ಮಂಪರು, ವಾಂತಿ ಕಂಡರೆ ಮನೆಮದ್ದಿಗೆ ಕಾಯಬೇಡಿ, ಆ ಕ್ಷಣವೇ ಆಸ್ಪತ್ರೆಗೆ ಹೊರಡಿ.