ಭುಜ ತಟ್ಟಿದ ಕಡೆಗೆ

ಉಪ್ಪು, ತುಟಿಯ ಮೇಲೆ, ಇಷ್ಟು ಬೆಳಿಗ್ಗೆಯೇ, ಅಂದರೆ ಸಮುದ್ರ ಇಲ್ಲೇ ಎಲ್ಲೋ ಇದೆ, ಈ ಗೋಡೆಗಳ ಹಿಂದೆ ಕಾಣದೆ ಉಸಿರಾಡುತ್ತಿದೆ — ಎಡಭುಜಕ್ಕೆ ಒಂದು ತಟ್ಟು, ಸರಿ, ಎಡಕ್ಕೆ, ಇಂಡಿಕೇಟರ್ ಹಾಕು, ಕನ್ನಡಿ ನೋಡು, ತಿರುಗು, ಬೇಕರಿಯ ಹಿಂಬಾಗಿಲು ಇರಬೇಕು ಇದು, ಬಿಸಿಗಾಳಿ ಮೊಣಕಾಲಿಗೆ ತಾಕಿ ಹೋಯಿತು, ಇವತ್ತಿನ ಪಾಠ ಇಷ್ಟೇ, ತಿಂಡಿ ತಿನ್ನುವಾಗ ಮಗಳೇ ಕಾನೂನು ಮಾಡಿದಳು, ದಾರಿ ನಾನು ಹೇಳ್ತೀನಿ, ಭುಜ ತಟ್ಟಿದ ಕಡೆಗೆ ನೀನು ತಿರುಗಿಸು, ಯಾಕೆ ಅಂತ ಕೇಳೋ ಹಾಗಿಲ್ಲ — ಯಾರು ಹೇಳುತ್ತಿರುವುದು ನೋಡು, ಮಾತು ಬಂದ ದಿನದಿಂದ ಯಾಕಮ್ಮ ಯಾಕಮ್ಮ ಎಂದು ನನ್ನ ತಲೆ ತಿಂದವಳು, ಮಳೆ ಯಾಕಮ್ಮ ಓರೆಯಾಗಿ ಬೀಳುತ್ತೆ, ಹಾಲು ಉಕ್ಕಿದ ಹಾಗೆ ನೀರು ಯಾಕಮ್ಮ ಉಕ್ಕಲ್ಲ, ಅದಕ್ಕೇ ನಮ್ಮತ್ತೆ ಅವಳಿಗೆ ಯಾಕಮ್ಮ ಎಂದೇ ಹೆಸರಿಟ್ಟುಬಿಟ್ಟಿದ್ದು, ಬಾರೇ ಯಾಕಮ್ಮ ತಲೆ ಬಾಚ್ತೀನಿ, ಯಾವುದೋ ಕಾಲದ ಮುತ್ತಜ್ಜಿಯ ಹೆಸರಿನ ಹಾಗೆ ಅದು ಮನೆಯಲ್ಲಿ ನಿಂತೇಬಿಟ್ಟಿತು, ಒಂಬತ್ತು ವರ್ಷದ ಮುತ್ತಜ್ಜಿ, ಈಗ ನನ್ನ ಬೆನ್ನಿಗೆ ಗಲ್ಲ ಒತ್ತಿ ಕೂತು ಒಂದು ಊರನ್ನೇ ನಡೆಸುತ್ತಿದ್ದಾಳೆ, ಬಲಕ್ಕೆ ತಟ್ಟು, ಬಲಕ್ಕೆ, ಬೀಗ ರಿಪೇರಿ ಅಂಗಡಿ, ಕೊಡೆ ನೇತುಹಾಕಿದ ಇನ್ನೊಂದು, ಮಹಡಿಯ ಮೇಲಿಂದ ಚಾಪೆ ಕೊಡವುತ್ತಿರುವ ಹೆಂಗಸು, ಬಿಸಿಲಲ್ಲಿ ಧೂಳು ನಿಂತುಕೊಂಡೇ ಇದೆ, ನಾವು ಅದರೊಳಗಿಂದ ಹಾದುಹೋಗುತ್ತೇವೆ, ಸೀನು, ಅವಳಿಗೂ ಸೀನು, ನಗು, ಮತ್ತೆ ಎಡಕ್ಕೆ, ಓಣಿ ಕಿರಿದಾಗುತ್ತಾ ಕಿರಿದಾಗುತ್ತಾ ಕೊನೆಗೊಂದು ಗೋಡೆ, ಗೋಡೆಯ ಬುಡದಲ್ಲೊಂದು ತೂತು, ತೂತಿನ ಮುಂದೆ ಬೆಕ್ಕು. ದಾರಿ ಮುಗೀತಲ್ಲೇ, ಎಂದೆ. ಮುಗಿದಿಲ್ಲಮ್ಮ, ಸ್ಕೂಟರಿಗೆ ಮುಗೀತು ಅಷ್ಟೆ, ಬೆಕ್ಕಿಗೆ ಇನ್ನೂ ಇದೆ. ಇಳಿದು ಇಬ್ಬರೂ ಸೇರಿ ಸ್ಕೂಟರನ್ನು ಹಿಂದಕ್ಕೆ ಎಳೆಯುತ್ತೇವೆ, ಅವಳು ಲಾರಿ ಕ್ಲೀನರನ ಹಾಗೆ ಬಾ ಬಾ ಬಾ, ನಿಲ್ಸು, ಎನ್ನುತ್ತಾಳೆ, ಬೆಕ್ಕು ನಮ್ಮನ್ನು ನೋಡಿ, ಇವರಿಗೆ ಬೇರೆ ಕೆಲಸವಿಲ್ಲ ಎಂಬಂತೆ, ತೂತಿನೊಳಗೆ ಹೋಗಿಬಿಟ್ಟಿತು.

ನಿಜ, ಬೇರೆ ಕೆಲಸವಿಲ್ಲ, ಎಷ್ಟು ಸುಖ ಅದು, ಮಂಗಳವಾರ ಬೆಳಿಗ್ಗೆ ಊರಿಗೆಲ್ಲ ಕೆಲಸವಿದ್ದು ನಮಗಿಬ್ಬರಿಗೆ ಮಾತ್ರ ಊರು ನೋಡುವುದೇ ಕೆಲಸ — ಸ್ಕೂಟರು ಕಲಿತದ್ದೂ ಇಲ್ಲಿಗೆ ಬಂದ ಮೇಲೆಯೇ, ತಲೆಯಲ್ಲಿ ಬಿಳಿಕೂದಲು ಕಾಣಿಸಿಕೊಂಡ ಮೇಲೆ, ಗಂಡನಿಗೆ ಬಂದರಿನ ಐಸ್ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿ ನಾವು ನಾಲ್ವರೂ ಸಾಮಾನು ಸಮೇತ ಈ ಊರಿಗೆ ಬಂದೆವು, ಫ್ಯಾಕ್ಟರಿಯ ಹಿಂದಿನ ಬಯಲಲ್ಲಿ ನಾನು ಮುಂದೆ ಕಿರುಚುತ್ತಾ, ಅವರು ಹಿಂದೆ ಓಡುತ್ತಾ, ಬ್ರೇಕ್ ಹಿಡಿಯೇ, ಹಿಡಿ ಅಂದ್ರೆ ಹಾರನ್ ಒತ್ತೋದಲ್ಲ, ಅತ್ತೆ ಕಟ್ಟೆಯ ಮೇಲೆ ಕೂತು ತೀರ್ಪು ಕೊಡುತ್ತಿದ್ದರು, ಈಗಲೂ ನಾವಿಬ್ಬರು ಹೊರಟಾಗಲೆಲ್ಲ ಕೊಡುತ್ತಾರೆ, ತಾಯಿ ಒಂದು ಕಡೆ ಮಗಳು ಒಂದು ಕಡೆ, ಎತ್ತು ಏರಿಗೆಳೆದ್ರೆ ಕೋಣ ನೀರಿಗೆಳೀತಂತೆ, ನೀವು ಮನೆ ಸೇರೋ ತನಕ ನನ್ನ ಜೀವ ಅಂಗೈಯಲ್ಲಿ. ಇವತ್ತು ಮಾತ್ರ ಬರೀ ನೀರಿನ ಬಾಟ್ಲಿ ತಗೊಂಡ್ರಾ ಎಂದು ಕೇಳಿ ಸುಮ್ಮನಾದರು, ಅತ್ತೆಗೂ ಹೇಳಿಲ್ಲ ನಾನು ಫೋನಿನ ವಿಷಯ, ನಿನ್ನೆ ಸಂಜೆ ಬಂದದ್ದು, ಗಡಿಯಾರದ ಕಂಬದ ಹತ್ತಿರದ ಶಾಲೆಯ ಹೆಡ್‌ಮೇಡಂ, ಗಣಿತಕ್ಕೆ ಟೀಚರ್ ಇಲ್ಲ ನಮ್ಮಲ್ಲಿ, ನಿಮ್ಮ ವಿಷಯ ಕೇಳಿದೀನಿ, ಸೋಮವಾರದಿಂದ ಬಂದುಬಿಡಿ, ಮಗಳನ್ನೂ ಕರ್ಕೊಂಡು ಬನ್ನಿ, ಒಂದೇ ಸ್ಕೂಟರಲ್ಲಿ ಬಂದು ಒಂದೇ ಸ್ಕೂಟರಲ್ಲಿ ಹೋದ್ರಾಯ್ತು, ನಾಳೆ ಮಧ್ಯಾಹ್ನದೊಳಗೆ ಹೇಳಿಬಿಡಿ. ಅವರಿಗೆ ಹೇಳಿದೆ, ಗಂಡನಿಗೆ, ನಿಂಗೆ ಹೇಗನ್ಸುತ್ತೋ ಹಾಗೆ ಮಾಡು ಎಂದು ಮಗ್ಗುಲು ಬದಲಿಸಿ ಮಲಗಿಬಿಟ್ಟರು, ಗಂಡಸರಿಗೆ ಈ ಔದಾರ್ಯ ಬರುವುದು ನಿದ್ದೆಗೆ ಸ್ವಲ್ಪ ಮೊದಲು. ನನಗೆ ಹೇಗನ್ನಿಸುತ್ತೆ — ಬಲಕ್ಕೆ, ತಿರುಗು — ನನಗೆ ಬೇಕು ಅನ್ನಿಸುತ್ತೆ, ಹೇಳಿಕೊಳ್ಳಲು ನಾಚಿಕೆ ಯಾಕೆ, ಬೆರಳ ತುದಿಗೆ ಅಂಟುವ ಚಾಕ್ ಪುಡಿ ಬೇಕು, ಲೆಕ್ಕ ಕೊಟ್ಟ ಕೂಡಲೇ ಅಷ್ಟೂ ತಲೆಗಳು ಒಟ್ಟಿಗೆ ಬಗ್ಗುವಾಗಿನ ಆ ಸದ್ದು, ಪೆನ್ಸಿಲುಗಳ ಜಿಟಿಜಿಟಿ, ಆಮೇಲೆ ಹಿಂದಿನ ಬೆಂಚಿನಿಂದ ಯಾರೋ ಒಬ್ಬ ತನಗೇ ಗೊತ್ತಿಲ್ಲದೆ ಓ ಎನ್ನುತ್ತಾನಲ್ಲ, ಅರ್ಥವಾದ ಗಳಿಗೆ, ಆ ಓ ಬೇಕು. ಆದರೆ ಇವಳು? ಹಳೆಯ ಊರಲ್ಲಿ ನಾನು ಟೀಚರಾಗಿದ್ದ ಶಾಲೆಯಲ್ಲೇ ಓದುತ್ತಿದ್ದಳು, ಯಾರೂ ಹೊಡೆಯಲಿಲ್ಲ, ಯಾರೂ ಬಯ್ಯಲಿಲ್ಲ, ನಲವತ್ತು ಚಿಲ್ಲರೆ ಮಕ್ಕಳ ನಡುವೆ ಒಬ್ಬಳ ಯಾಕೆಗೆ ಯಾರಿಗಿದೆ ಪುರುಸೊತ್ತು, ನನ್ನ ತರಗತಿಯಲ್ಲಿ ನನಗೇ ಇರುತ್ತಿರಲಿಲ್ಲ, ಅವಳು ಸುಮ್ಮನಾದದ್ದು ನನ್ನ ಗಮನಕ್ಕೆ ಬರಲೂ ಇಲ್ಲ, ಮೊದಲು ಹೇಳಿದ್ದು ಅತ್ತೆ, ಅಲ್ವೇ, ನಮ್ಮ ಯಾಕಮ್ಮ ಎಲ್ಲಿ ಹೋದ್ಲು, ಇವಳ್ಯಾರೋ ಬರೀ ಹೂಂ ಅನ್ನೋಳು ಬಂದಿದಾಳೆ. ಆ ವರ್ಷದ ಕೊನೆಗೆ ಇಬ್ಬರೂ ಶಾಲೆ ಬಿಟ್ಟೆವು, ಮಗಳೂ ಟೀಚರೂ, ಇನ್ನು ಕಲಿಯುವುದೆಲ್ಲ ಮನೆಯಲ್ಲೇ ಎಂದು, ಊರೆಲ್ಲ ನಕ್ಕಿತು, ತಿಂಗಳುಗಳ ಮೇಲೆ ಒಂದು ಮಧ್ಯಾಹ್ನ ಮೂವರೂ ಬಟಾಣಿ ಸುಲಿಯುತ್ತಾ ಕೂತಿದ್ದಾಗ, ಯಾಕಮ್ಮ ಕೆಲವದರಲ್ಲಿ ನಾಲ್ಕು ಕಾಳು ಇರುತ್ತೆ ಕೆಲವದರಲ್ಲಿ ಏಳು, ಅತ್ತೆ ಕೈ ನಿಲ್ಲಿಸಿ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ, ಇಬ್ಬರೂ ಮತ್ತೆ ಮೆಲ್ಲಗೆ ಸುಲಿಯತೊಡಗಿದೆವು, ಸದ್ದಾದರೆ ಹಾರಿಹೋಗುತ್ತದೇನೋ ಎಂಬಂತೆ.

ನಿಲ್ಸು ನಿಲ್ಸು, ಎರಡೂ ಭುಜಕ್ಕೆ ಒಟ್ಟಿಗೆ ತಟ್ಟು, ಅಂದರೆ ಬ್ರೇಕ್, ಹೊಸ ಕಾನೂನು, ಇದು ತಿಂಡಿಯ ಹೊತ್ತಿಗೆ ಇರಲಿಲ್ಲ — ಒಂದು ಅಂಗಡಿ, ಅಂಗಡಿಯೆಂದರೆ ಒಂದು ಉದ್ದನೆಯ ಕೋಣೆ, ನೆಲದ ತುಂಬ ನೀಲಿ ಟಾರ್ಪಾಲು, ನಡುವೆ ಹೊಲಿಗೆ ಯಂತ್ರ, ಮನೆಯ ಯಂತ್ರದ ದೊಡ್ಡಣ್ಣನಂಥದ್ದು, ಅದರ ಹಿಂದೆ ದರ್ಜಿ, ದಪ್ಪ ಕನ್ನಡಕ, ಬಾಯಲ್ಲಿ ದಾರ, ಬೋಟುಗಳಿಗೆ ಮುಚ್ಚುವ ಹೊದಿಕೆ ಹೊಲಿಯುತ್ತಿದ್ದಾನೆ, ಇವಳು ಒಳಗೆ ಹೋಗಿಯೇಬಿಟ್ಟಳು, ಅಂಕಲ್, ಸೂಜಿ ಯಾಕೆ ಇಷ್ಟು ದಪ್ಪ? ಬಟ್ಟೆ ದಪ್ಪ ಅಲ್ವೇನಮ್ಮ. ಮತ್ತೆ ತೂತು ದೊಡ್ಡದಾಗಲ್ವಾ, ನೀರು ಒಳಗೆ ಬರಲ್ವಾ? ದರ್ಜಿ ಕಾಲು ನಿಲ್ಲಿಸಿದ, ದಾರ ಬಾಯಿಂದ ತೆಗೆದ, ನನ್ನ ಕಡೆ ನೋಡಿದ, ನಾನು ನನಗೇನೂ ಸಂಬಂಧವಿಲ್ಲ ಎಂಬಂತೆ ಬಾಗಿಲಲ್ಲಿ ನಿಂತಿದ್ದೇನೆ, ಅವನು ಮೇಣದ ಉಂಡೆಯೊಂದನ್ನು ಅವಳ ಕೈಗಿಟ್ಟ, ಹೊಲಿಗೆಯ ಮೇಲೆ ಉಜ್ಜು ನೋಡೋಣ, ಇನ್ನೂ ಗಟ್ಟಿಯಾಗಿ, ಹಾಂ, ಈಗ ನೀರಿಗೆ ದಾರಿ ಎಲ್ಲಿ ಹೇಳು. ಅವಳು ನಾಲಿಗೆ ಕಚ್ಚಿಕೊಂಡು ಉಜ್ಜುತ್ತಿದ್ದಾಳೆ, ನಿಂತವರ ಹೊಟ್ಟೆ ತಂಪಾಗುವಷ್ಟು ಮನಸ್ಸಿಟ್ಟು, ಆಗ ಬಂತು ಎಲ್ಲರೂ ಕೇಳುವ ಪ್ರಶ್ನೆ, ಯಾವ ಸ್ಕೂಲು ಮರಿ ನಿಂದು? ಪ್ರತಿ ಸಲದ ಹಾಗೆ ಉತ್ತರ ಕೊಡಲು ನಾನೇ ಬಾಯಿ ತೆರೆದಿದ್ದೆ, ಅವಳು ತಲೆ ಎತ್ತದೆ ಹೇಳಿದಳು, ಇವತ್ತಾ? ಇವತ್ತು ನಿಮ್ಮಂಗಡಿ. ದರ್ಜಿ ನಕ್ಕ ನಗೆಗೆ ಅವನ ಕನ್ನಡಕ ಮೂಗಿನ ತುದಿಗೆ ಜಾರಿತು, ಹಾಗಾದ್ರೆ ಮೇಡಂ, ನಿಮ್ಮ ಮಗಳು ಪಾಸು. ಮತ್ತೆ ಸ್ಕೂಟರಿನ ಮೇಲೆ, ಅವಳ ಕೈಯಿಂದ ಮೇಣದ ವಾಸನೆ, ನನ್ನ ಮುಖದ ಮೇಲೆ ಇಳಿಯದ ನಗು, ನಗುವಿನ ಅಡಿಯಲ್ಲಿ ಒಂದು ಕಲ್ಲು, ಇವಳಿಗೆ ಹೇಗೆ ಹೇಳಲಿ, ಹೇಳಲೇ ಬೇಕೇ, ಬೇಡವೆಂದುಬಿಟ್ಟರೆ ಮುಗಿಯಿತಲ್ಲ, ಆದರೆ ಬೇಡವೆಂದು ಹೇಳಲು ನಾಲಿಗೆ ಏಳುತ್ತಿಲ್ಲವಲ್ಲ.

ಬಲಕ್ಕೆ, ಇಳಿಜಾರು, ಎರಡೂ ಬ್ರೇಕ್, ಮೆಲ್ಲಗೆ, ಮನೆಗಳ ಸಾಲು ಇದ್ದಕ್ಕಿದ್ದಂತೆ ಮುಗಿದು — ಅಗೋ! ಇಬ್ಬರೂ ಒಟ್ಟಿಗೆ ಕೂಗಿದೆವು, ನೀರು, ಅಷ್ಟೂ ನೀರು, ನದಿ ಸಮುದ್ರಕ್ಕೆ ಸೇರುವ ಜಾಗ, ಇತ್ತ ಕಂದು ಅತ್ತ ನೀಲಿ, ನಡುವೆ ಯಾರೋ ಬೆರಳಿನಿಂದ ಅಳಿಸಿದಂಥ ಗೆರೆ, ಆಚೆ ದಡದಲ್ಲಿ ಒಂದಿಷ್ಟು ಮನೆಗಳು, ಈಚೆ ಕಟ್ಟೆಗೆ ಒರಗಿ ನಿಂತ ಫೆರಿ ಬೋಟು, ಚಪ್ಪಟೆ, ತಟ್ಟೆಯ ಹಾಗೆ, ಅದರ ಮೇಲೆ ಎರಡು ವ್ಯಾನು, ಸೈಕಲ್ಲು, ಜನ, ನಾವೂ ಹೋಗೋಣಮ್ಮ, ಸ್ಕೂಟರು ತಳ್ಳಿಕೊಂಡು ಹೋದರೆ ಟಿಕೆಟಿನ ಹೆಂಗಸು, ಖಾಕಿ ಅಂಗಿ, ಕೊರಳಲ್ಲಿ ಸೀಟಿ, ಕೈ ಅಡ್ಡ ಹಿಡಿದಳು, ಗಾಡಿಗೆ ಜಾಗ ಇಲ್ಲ ಮೇಡಂ, ಮುಂದಿನ ಸಲ, ನಡ್ಕೊಂಡು ಬರೋರಾದ್ರೆ ಇನ್ನೊಬ್ಬರಿಗೆ ಜಾಗ ಇದೆ. ಸರಿಯಾಗಿ ಆಗಲೇ ಫೋನು ಬಡಿದುಕೊಳ್ಳಬೇಕೇ, ಹೆಡ್‌ಮೇಡಂ, ಐದೇ ನಿಮಿಷ ಮೇಡಂ ನಾನೇ ಮಾಡ್ತೀನಿ ಎಂದು ಇಟ್ಟುಬಿಟ್ಟೆ, ಇಟ್ಟವಳ ಮುಖವನ್ನೇ ಇವಳು ನೋಡುತ್ತಿದ್ದಾಳೆ. ಯಾರಮ್ಮ? ಸ್ಕೂಲಿಂದ. ಯಾಕಮ್ಮ? — ಬಂತಲ್ಲ, ಅತ್ತೆ ಇಟ್ಟ ಹೆಸರು, ಇದಕ್ಕೆ ಸುಳ್ಳು ಹೇಳುವುದು ಹೇಗೆ, ಹೇಳಿದೆ, ಪಾಠ ಮಾಡೋಕೆ ನನ್ನನ್ನ ಕರೀತಿದಾರೆ, ನಿನ್ನನ್ನೂ ಕರ್ಕೊಂಡು ಬಾ ಅಂದಿದಾರೆ. ಅವಳು ಸ್ಕೂಟರಿನ ಕನ್ನಡಿಯನ್ನು ಉಗುರಿನಿಂದ ಕೆರೆಯತೊಡಗಿದಳು, ಈಗ ಆ ಹಳೆಯ ಹೂಂ ಅಂದುಬಿಡುತ್ತಾಳೆ, ಅಂದರೆ ನಾನು ಏನು ಮಾಡಲಿ. ನಿಂಗೆ ಇಷ್ಟಾನಾ? ಎಂದಳು. ಇದನ್ನು ನನಗೆ ಯಾರೂ ಕೇಳಿರಲಿಲ್ಲ, ಹೇಗನ್ನಿಸುತ್ತೆ ಅಂದಿದ್ದರು, ಬನ್ನಿ ಅಂದಿದ್ದರು, ಇಷ್ಟಾನಾ ಅಂದಿರಲಿಲ್ಲ. ತುಂಬಾ ಇಷ್ಟ ಕಣೇ, ಎಂದೆ. ನಂಗೆ ಇಷ್ಟ ಇಲ್ಲ, ಎಂದಳು ಅವಳು, ಊಟಕ್ಕೆ ಇನ್ನೊಂದು ಸೌಟು ಬೇಡವೆಂಬಷ್ಟು ಸಹಜವಾಗಿ, ಮುಂದೆ ಯಾವಾಗ್ಲಾದ್ರೂ ಬೇಕು ಅನ್ಸಿದ್ರೆ ಹೇಳ್ತೀನಿ, ನೀನು ಹೋಗು, ಇಬ್ರೂ ಒಂದೇ ಕಡೆ ಯಾಕೆ ಹೋಗ್ಬೇಕು? ಮತ್ತೆ ಬೆಳಿಗ್ಗೆ ಎಲ್ಲಾ ನೀನು? ಎಂದೆ. ಅಜ್ಜಿ ಇದಾರಲ್ಲ, ಅಜ್ಜಿಗೆ ಭಾಗಾಕಾರ ಬರಲ್ಲ, ನಾನು ಹೇಳ್ಕೊಡ್ತೀನಿ, ಮಧ್ಯಾಹ್ನ ನೀನು ಬಂದ ಮೇಲೆ ಸ್ಕೂಟರು. ಅಷ್ಟು ಹೇಳಿ, ಏನೋ ನೆನಪಾದವಳಂತೆ ನನ್ನ ಮೊಣಕೈ ಹಿಡಿದಳು, ಮೊದಲ್ನೇ ದಿನ ಅಳು ಬರುತ್ತಮ್ಮ, ಎಲ್ರಿಗೂ ಬರುತ್ತೆ, ಆಮೇಲೆ ಸರಿಹೋಗುತ್ತೆ.

ನಗಲೋ ಅಳಲೋ, ಎರಡನ್ನೂ ಒಟ್ಟಿಗೆ ಮಾಡುತ್ತಿದ್ದೆ, ಸೀಟಿ ಕೂಗಿತು, ಅವಳು ಟಿಕೆಟಿನ ಹೆಂಗಸಿನ ಕಡೆ ಓಡಿದಳು, ಒಬ್ರಿಗೆ ಜಾಗ ಇದೆ ಅಂದ್ರಲ್ಲ ಆಂಟಿ, ನಾನು ಹೋಗಿ ಬರ್ತೀನಿ, ಅಮ್ಮ ಅಷ್ಟರಲ್ಲಿ ಫೋನ್ ಮಾತಾಡಿ ಮುಗಿಸ್ತಾರೆ. ಒಬ್ಬಳೇ? ಇವಳು ಒಬ್ಬಳೇ ಅಂಗಡಿಗೂ ಹೋದವಳಲ್ಲ, ಬೇಡವೆಂದು ಹೇಳಲು ಹೆಜ್ಜೆ ಇಟ್ಟೆ, ಆ ಹೆಂಗಸು ನನ್ನನ್ನು ನೋಡಿ, ನನ್ನ ಪಕ್ಕದಲ್ಲೇ ನಿಲ್ಲಿಸ್ಕೋತೀನಿ ಮೇಡಂ, ಅಲ್ಲಿ ಇಳಿಸಲ್ಲ, ಹಾಗೇ ವಾಪಸ್ ಕರ್ಕೊಂಡು ಬರ್ತೀನಿ, ನಿಮ್ಮ ಕಣ್ಣಿಗೆ ಕಾಣ್ತಾನೇ ಇರ್ತಾಳೆ, ಎನ್ನುತ್ತಾ ಆಗಲೇ ಅವಳಿಗೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತೊಡಿಸಿ ಪಟ್ಟಿ ಬಿಗಿಯುತ್ತಿದ್ದಳು, ಮಗಳು ನನ್ನ ಕಡೆ ನೋಡಿದಳು, ಕೇಳುವ ನೋಟವಲ್ಲ, ಕಾಯುವ ನೋಟ, ಹೋಗಿ ಬಾ, ಎಂದದ್ದು ನಾನೇ, ನನ್ನದೇ ದನಿ. ಹಲಗೆ ಮೇಲೆತ್ತಿದರು, ಎಂಜಿನ್ ಗುಡುಗಿತು, ಕಟ್ಟೆಗೂ ಬೋಟಿಗೂ ನಡುವೆ ನೀರು ಒಂದು ಗೇಣು, ಒಂದು ಮಾರು, ಇನ್ನು ನೆಗೆದರೂ ಸಿಗುವುದಿಲ್ಲ, ಬೋಟಿನ ಕಂಬಿಯ ಹತ್ತಿರ ಅವಳು, ಪಕ್ಕದಲ್ಲಿ ಖಾಕಿ, ಆಗ ಕೈ ಎತ್ತಿದಳು. ಟಾಟಾ ಎಂದುಕೊಂಡು ನಾನೂ ಬೀಸಿದೆ, ಬೀಸಿ ಬೀಸಿ ನೋಡಿದರೆ ಅವಳು ಬೀಸುತ್ತಿಲ್ಲ, ಎತ್ತಿ ಹಿಡಿದಿದ್ದಾಳೆ, ನೆಟ್ಟಗೆ, ಬೆರಳು ಜೋಡಿಸಿ. ಫೋನು ಮಾಡಬೇಕು, ಮಾಡಿದೆ, ಮೇಡಂ ಬರ್ತೀನಿ, ಬೆಳಗಿನ ಹೊತ್ತು ಮಾತ್ರ, ನಾನೊಬ್ಬಳೇ. ಮಗಳು? ಅವಳು ಬರಲ್ಲ ಮೇಡಂ, ಅವಳು — ಕಣ್ಣು ಬೋಟಿನ ಮೇಲೇ ಇತ್ತು, ನೀರು ಹೊಳೆದು ಹೊಳೆದು ಚುಚ್ಚುತ್ತಿತ್ತು — ಅವಳು ಆಚೆ ದಡಕ್ಕೆ ಹೋಗಿದಾಳೆ. ಆ ಕಡೆ ಪುಟ ತಿರುವಿದ ಸದ್ದು, ಆಮೇಲೆ, ಆಯ್ತು, ಮಧ್ಯಾಹ್ನದ ಬೆಲ್‌ವರೆಗೆ ಸಾಕು ನಮಗೆ, ಸೋಮವಾರ ಬನ್ನಿ. ಇಷ್ಟೇ, ಇಷ್ಟು ಸುಲಭವಿತ್ತೇ, ಸಂಜೆ ಅತ್ತೆಗೆ ಹೇಳಬೇಕು, ನಿಮಗೆ ಭಾಗಾಕಾರದ ಟೀಚರ್ ಬಂದಿದಾಳೆ, ಬಯ್ಯುತ್ತಾರೆ, ಬಯ್ಯುತ್ತಲೇ ಕನ್ನಡಕ ಒರೆಸಿ ಕೂರುತ್ತಾರೆ, ಗೊತ್ತು ನನಗೆ, ಕಟ್ಟೆಯ ಕಲ್ಲು ಬೆಚ್ಚಗಿದೆ, ಕೂತೆ, ಬೋಟು ಆಚೆ ತಲುಪಿತು, ವ್ಯಾನುಗಳು ಇಳಿದವು, ಇವಳು ಇಳಿಯಲಿಲ್ಲ, ಹೊಸ ಜನ ಹತ್ತಿದರು, ಮತ್ತೆ ಈಚೆಗೆ ಮುಖ, ಬರುತ್ತಿದೆ, ಕಿತ್ತಳೆಯ ಚುಕ್ಕೆಯಾಗಿ, ಚುಕ್ಕೆಗೆ ತಲೆ ಬಂತು, ಕೈ ಬಂತು, ಎತ್ತಿದ ಕೈ, ಇನ್ನೂ ಎತ್ತಿಯೇ ಇದ್ದಾಳೋ ಮತ್ತೆ ಎತ್ತಿದಳೋ, ಈಗ ಗುರುತಾಯಿತು ಅದು ಎಲ್ಲಿಯ ಕೈ ಎಂದು, ಎಷ್ಟು ವರ್ಷ ನೋಡಿದ್ದೇನೆ, ನಾನು ಟೀಚರ್ ನಾನು ಎಂದು ಬೆಂಚಿನಿಂದ ಅರ್ಧ ಎದ್ದು ಎತ್ತುವ ಕೈಗಳು, ಸೋತು ಇನ್ನೊಂದು ಅಂಗೈಯಲ್ಲಿ ಮೊಣಕೈ ಊರಿಕೊಂಡರೂ ಇಳಿಸದ ಕೈಗಳು, ಹೇಳು ಎಂದು ಬೆರಳು ತೋರಿಸಲು ನನ್ನ ಬೆರಳು ತಾನಾಗಿ ಎದ್ದಿದೆ, ಹೇಳು ಯಾಕಮ್ಮ, ಬಾಯಿ ಆಡುತ್ತಿದೆ ಅವಳದು, ಎಂಜಿನ್ ಸದ್ದಿನಲ್ಲಿ ಒಂದಕ್ಷರವೂ ಕೇಳುತ್ತಿಲ್ಲ, ಏನು ಕೇಳುತ್ತಿದ್ದಾಳೆ, ಬರಲಿ, ಹತ್ತಿರ ಬರಲಿ, ಅಷ್ಟಗಲ ನೀರು, ನೀರಿನ ಮೇಲೆ ಆ ಕೈ, ನೆಟ್ಟಗೆ, ಬೆರಳು ಜೋಡಿಸಿ, ಆ ಕೈ