ದ್ವಾರಕಾನಾಥನ ಮಹಾದ್ವಾರ

ಸ್ನೊಕ್ವಾಲ್ಮಿಯ ಗುಡ್ಡದ ಮೇಲಿನ ಬಡಾವಣೆಯಲ್ಲಿ ದ್ವಾರಕಾನಾಥ ಮತ್ತು ಪ್ರತಿಭಾ ಮನೆ ಕೊಂಡ ಮೇಲೆ ಅದು ಮೂರನೆಯ ಚಳಿಗಾಲ, ಎರಡು ಸಾವಿರದ ಹದಿನಾರರದ್ದು. ಮನೆ ಹೊರಗಿನಿಂದ ನೋಡಲು ಚೆಂದವಿತ್ತು. ಒಳಗೆ ಕೂತವರಿಗೆ ಮಾತ್ರ ಒಳಗೆ ಕೂತಿದ್ದೇವೆ ಅನ್ನಿಸುತ್ತಿರಲಿಲ್ಲ. ಡಿಸೆಂಬರ್ ಬಂತೆಂದರೆ ಪೂರ್ವದ ಕಣಿವೆಯಿಂದ ನುಗ್ಗುವ ಗಾಳಿ, ಅಡುಗೆಮನೆಯ ಹಿಂದಿನ ಗಾಜಿನ ಜಾರುಬಾಗಿಲಿನ ಸಂದಿನಿಂದಲೂ ಗ್ಯಾರೇಜಿನಿಂದ ಮನೆಯೊಳಕ್ಕೆ ಬರುವ ಬಾಗಿಲಿನ ಅಡಿಯಿಂದಲೂ ಕರೆಯದೆ ಬಂದ ನೆಂಟರ ಹಾಗೆ ಒಳಬಂದು ಮಾರ್ಚ್‌ವರೆಗೆ ಠಿಕಾಣಿ ಹೂಡುತ್ತಿತ್ತು. ಪ್ರತಿಭಾ ಕೋಟು ತೊಟ್ಟುಕೊಂಡೇ ಒಗ್ಗರಣೆ ಹಾಕುತ್ತಿದ್ದಳು. ಎಂಟು ವರ್ಷದ ಮಗಳು ಮೈತ್ರಿ ಉಣ್ಣೆಯ ಟೋಪಿ ಹಾಕಿಕೊಂಡು ಹೋಮ್‌ವರ್ಕ್ ಮಾಡುತ್ತಿದ್ದಳು. ದ್ವಾರಕಾನಾಥ ಮಾತ್ರ ದಿನಕ್ಕೆ ಹತ್ತು ಗಂಟೆ ಕರ್ಕ್‌ಲ್ಯಾಂಡಿನ ಆಫೀಸಿನಲ್ಲಿ, ಅಂಗಿಯ ತೋಳು ಮಡಚಿಕೊಂಡು ಕೂರುವಷ್ಟು ಬೆಚ್ಚಗಿರುತ್ತಿದ್ದ. ಹೀಗಾಗಿ ಚಳಿಯ ವಿಷಯದಲ್ಲಿ ಅವನಿಗೆ ಬಹಳ ಖಚಿತವಾದ ಅಭಿಪ್ರಾಯಗಳಿದ್ದವು.

ಆ ಡಿಸೆಂಬರಿನಲ್ಲಿ ಮನೆ ಬೆಚ್ಚಗಿಡುವ ಗ್ಯಾಸಿನ ಬಿಲ್ಲು ಮುನ್ನೂರ ಹತ್ತು ಡಾಲರ್ ಬಂತು. ಬಾಗಿಲುಗಳನ್ನು ಬದಲಾಯಿಸೋಣ ಎಂದಳು ಪ್ರತಿಭಾ. ಅವನು ತಕ್ಷಣ ಒಪ್ಪಿಬಿಟ್ಟ. ಹನ್ನೊಂದು ವರ್ಷ ಸಂಸಾರ ಮಾಡಿದವಳಿಗೆ ಅಲ್ಲೇ ಅನುಮಾನ ಬರಬೇಕಿತ್ತು.

ದ್ವಾರಕಾನಾಥ ಪ್ರೋಗ್ರಾಂ ಮ್ಯಾನೇಜರ್. ಉಪ್ಪಿನಕಾಯಿ ಜಾಡಿ ಕೊಳ್ಳಬೇಕಾದರೂ ಎಕ್ಸೆಲ್ ತೆರೆಯುವ ಜಾತಿ. ಮೂರು ಬಾಗಿಲಿಗೆಂದು ಏಳು ಹಾಳೆಗಳ ಬಜೆಟ್ ಸಿದ್ಧವಾಯಿತು. ಒಟ್ಟು ಏಳು ಸಾವಿರ ಡಾಲರ್. ಬಣ್ಣಕ್ಕೊಂದು ಹಾಳೆ, ರಿಸ್ಕಿಗೊಂದು ಹಾಳೆ, ರಿಸ್ಕಿನ ರಿಸ್ಕಿಗೆ ಇನ್ನೊಂದು. ಹಿಂದಿನ ಎರಡು ಬಾಗಿಲು ಮೊದಲು ಆಗಲಿ, ಮುಂಬಾಗಿಲಿನಿಂದ ಗಾಳಿಯೇ ಬರುವುದಿಲ್ಲ ಎಂದು ಪ್ರತಿಭಾ ಹೇಳಿದ್ದಕ್ಕೆ, ಇಂಥದ್ದನ್ನೆಲ್ಲ ಭಾವನಾತ್ಮಕವಾಗಿ ನೋಡಬಾರದು, ಡೇಟಾ ಬೇಕು ಎಂದ. ಅವನೆದುರು ಕೋಟಿನೊಳಗೆ ನಡುಗುತ್ತ ನಿಂತಿದ್ದದ್ದು ಡೇಟಾ ಅಲ್ಲ, ಹೆಂಡತಿ.

ಅವಳೂ ಬೆಲ್ವ್ಯೂನ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಪರೀಕ್ಷೆ ಮಾಡುವವಳೇ. ದೇವರ ಗೂಡಿನಿಂದ ಊದಿನಕಡ್ಡಿ ತಂದು ಹಚ್ಚಿ ಮೂರೂ ಬಾಗಿಲ ಹತ್ತಿರ ಹಿಡಿದು ತೋರಿಸಿದಳು. ಗಾಜಿನ ಬಾಗಿಲ ಬಳಿ ಹೊಗೆ ಯಾರೋ ಅಟ್ಟಿಸಿಕೊಂಡು ಬಂದ ಹಾಗೆ ಓಡಿತು. ಗ್ಯಾರೇಜಿನ ಬಾಗಿಲ ಬಳಿ ನೆಲಕ್ಕೆ ಅಡ್ಡ ಮಲಗಿತು. ಮುಂಬಾಗಿಲ ಬಳಿ ಸಾಧುವಿನಂತೆ ನೆಟ್ಟಗೆ ಮೇಲೇರಿತು. ದ್ವಾರಕಾನಾಥ ಎಲ್ಲವನ್ನೂ ಗಮನವಿಟ್ಟು ನೋಡಿ, ಒಂದೇ ಕಡ್ಡಿಯಿಂದ ಏನನ್ನೂ ತೀರ್ಮಾನಿಸಲಾಗದು ಎಂದು ತೀರ್ಮಾನಿಸಿದ.

ಮೊದಲು ಅಂದಾಜು ಕೊಡಲು ಬಂದವನು ಡೆನಿಸ್ ಎಂಬ ಬಡಗಿ, ಆ ಕಡೆಯವನೇ, ಮೂವತ್ತು ವರ್ಷ ಬಾಗಿಲು ಕೂರಿಸಿದವನು. ಚೌಕಟ್ಟುಗಳ ಸುತ್ತ ಅಂಗೈ ಆಡಿಸಿ ನೋಡಿದ. ಹಿಂದಿನ ಎರಡೂ ಹೋಗಬೇಕು, ಕೂಲಿ ಸೇರಿ ಮೂರು ಸಾವಿರದ ಮುನ್ನೂರು. ಮುಂಬಾಗಿಲಿಗೆ ನಲವತ್ತು ಡಾಲರಿನ ರಬ್ಬರ್ ಪಟ್ಟಿ ಅಂಟಿಸಿದರೆ ಇನ್ನು ಹತ್ತು ವರ್ಷ ಅದರ ಗೊಡವೆ ಬೇಡ ಎಂದ. ಬಂದು ನೋಡಿದ್ದಕ್ಕೆ ಕಾಸೂ ಕೇಳದೆ ಹೊರಟುಹೋದ. ದ್ವಾರಕಾನಾಥನಿಗೆ ಇದು ಸರಿಬರಲಿಲ್ಲ. ಬಾಗಿಲು ಮಾರಲು ಬಂದವನು ಇರುವ ಬಾಗಿಲೇ ಚೆನ್ನಾಗಿದೆ ಎಂದರೆ ಅವನನ್ನು ನಂಬುವುದಾದರೂ ಹೇಗೆ?

ಎರಡನೆಯವನು ಹೊಳೆಯುವ ಬೂಟಿನ ಸೇಲ್ಸ್‌ಮನ್. ಅವನು ಅಡುಗೆಮನೆಯ ಕಡೆ ತಲೆಯನ್ನೂ ಹಾಕಲಿಲ್ಲ. ಮುಂದಿನ ಹುಲ್ಲಿನ ಮೇಲೆ ನಿಂತು, ಈ ಮನೆ ಜಗತ್ತಿಗೆ ಏನು ಹೇಳುತ್ತಿದೆ ಎಂದು ದ್ವಾರಕಾನಾಥನನ್ನು ಕೇಳಿದ. ಇಂಥ ಪ್ರಶ್ನೆಯನ್ನು ಅವನಿಗೆ ಹೆತ್ತವರೂ ಕೇಳಿರಲಿಲ್ಲ, ಮ್ಯಾನೇಜರೂ ಕೇಳಿರಲಿಲ್ಲ. ಕರಗಿಹೋದ. ಮಹಾಗನಿ ಮರ, ಎರಡೂ ಪಕ್ಕ ಕೆತ್ತಿದ ಗಾಜು, ಹಿತ್ತಾಳೆಯ ಹಿಡಿ: ಆರು ಸಾವಿರದ ಏಳುನೂರು. ಬಜೆಟ್ಟಿನಲ್ಲಿ ಅದೇ ಮೊದಲನೆಯ ಹಂತವಾಯಿತು. ಗ್ಯಾರೇಜಿನ ಬಾಗಿಲು ಎರಡನೆಯ ಹಂತಕ್ಕೆ ಹೋಯಿತು, ಗಾಜಿನ ಬಾಗಿಲು ಮೂರನೆಯದಕ್ಕೆ. ಎರಡಕ್ಕೂ ತಾರೀಕಿನ ಖಾನೆ ಖಾಲಿ.

"ರೀ, ಮುಂದಿನ ಬಾಗಿಲಲ್ಲಿ ಯಾರ್ರೀ ಓಡಾಡ್ತಾರೆ?" ಎಂದಳು ಪ್ರತಿಭಾ. "ನಾವು ಮೂರೂ ಜನ ಗ್ಯಾರೇಜಿಂದಾನೇ ಬರ್ತೀವಿ. ಅಲ್ಲಿಗೆ ಬರೋನು ಪಾರ್ಸೆಲ್ ತರೋನೊಬ್ಬ. ಅವನೂ ಹೊರಗೇ ಇಟ್ಟು ಹೋಗ್ತಾನೆ."

"ಇದು ಇನ್ವೆಸ್ಟ್‌ಮೆಂಟ್ ಕಣೆ. ರೀಸೇಲ್ ವ್ಯಾಲ್ಯೂ."

"ಮನೆ ಮಾರ್ತಾ ಇದೀವಾ?"

"ಇಲ್ಲ."

"ಮತ್ತೆ?"

"ಮಾರಿದ್ರೆ," ಎಂದ ದ್ವಾರಕಾನಾಥ.

ಬಡಾವಣೆಯ ಸಂಘ ಬಾಗಿಲಿನ ಬಣ್ಣಕ್ಕೆ ಒಪ್ಪಿಗೆ ಕೊಡಬೇಕಿತ್ತು. ಮೂರು ಬಗೆಯ ಕಂದು ಬಣ್ಣಗಳಲ್ಲಿ ಯಾವುದು ಬೀದಿಯ ಶಾಂತಿಯನ್ನು ಕದಡುವುದಿಲ್ಲ ಎಂಬ ಚರ್ಚೆ ಐದು ವಾರ ನಡೆಯಿತು. ಅಷ್ಟರಲ್ಲಿ ಜನವರಿ ತನ್ನ ಕೆಲಸ ತಾನು ಮಾಡಿತು. ಪ್ರತಿಭಾ ಗಂಡನ ಮದುವೆಯ ರೇಷ್ಮೆ ಪಂಚೆಯನ್ನು ಸುರುಳಿ ಸುತ್ತಿ ಗಾಜಿನ ಬಾಗಿಲಿನ ಬುಡಕ್ಕೆ ತುರುಕಿದಳು. ಹಳೆಯ ಬೆಡ್‌ಶೀಟುಗಳು ಇರಲಿಲ್ಲವೆಂದಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಹಾಗೆ, ಫೆಬ್ರವರಿಯ ಕೊನೆಗೆ, ಚಳಿ ಗಂಟುಮೂಟೆ ಕಟ್ಟುವ ಹೊತ್ತಿಗೆ ಮಹಾಗನಿ ಬಂತು. ದ್ವಾರಕಾನಾಥ ರಸ್ತೆಯ ಆಚೆ ನಿಂತು ಅದರ ನಲವತ್ತು ಫೋಟೋ ತೆಗೆದ.

ಅದನ್ನು ನಾಲ್ಕು ಜನ ನೋಡದಿದ್ದರೆ ಹೇಗೆ? ಯುಗಾದಿಯ ನಂತರದ ಶನಿವಾರ ಹದಿನಾಲ್ಕು ಜನರನ್ನು ಊಟಕ್ಕೆ ಕರೆದ. ಹಬ್ಬದೂಟ ಎಂದು ಹೆಸರು, ನಡೆಯಬೇಕಿದ್ದದ್ದು ಉದ್ಘಾಟನೆ. ಅದಕ್ಕೆ ಹತ್ತು ದಿನ ಮುಂಚಿನಿಂದಲೂ ಪಶ್ಚಿಮದ ಮಳೆ ನೇರ ಮುಂಬಾಗಿಲಿಗೆ ಹೊಡೆಯುತ್ತಿತ್ತು. ಆ ಹತ್ತು ದಿನ ಅದನ್ನು ಯಾರೂ ತೆರೆದಿರಲಿಲ್ಲ, ಏಕೆಂದರೆ ಅದನ್ನು ಯಾರೂ ಎಂದೂ ತೆರೆಯುತ್ತಿರಲಿಲ್ಲ. ಮರ ಹೊಟ್ಟೆ ತುಂಬ ನೀರು ಕುಡಿದು ಊದಿಕೊಂಡು ಚೌಕಟ್ಟಿನಲ್ಲಿ ಬಿರಡೆಯ ಹಾಗೆ ಕೂತಿತ್ತು.

ಶನಿವಾರ ಮಧ್ಯಾಹ್ನ ಕರೆಗಂಟೆ ಸದ್ದಾಯಿತು. ಲಿನ್‌ವುಡ್‌ನಿಂದ ಬಂದ ಪ್ರತಿಭಾಳ ಗೆಳತಿ ರಜನಿ ಮತ್ತು ಅವಳ ಗಂಡ ಎಲ್ಲರಿಗಿಂತ ಮುಂದೆ ನಿಂತಿದ್ದರು. ದ್ವಾರಕಾನಾಥ ಹಿತ್ತಾಳೆಯ ಹಿಡಿ ಹಿಡಿದು ಎಳೆದ. ಆಮೇಲೆ ಗೋಡೆಗೆ ಒಂದು ಕಾಲು ಕೊಟ್ಟು ಎಳೆದ. ಹೊರಗಿನಿಂದ ರಜನಿಯ ಗಂಡ ಭುಜ ಕೊಟ್ಟು ನೂಕಿದ. ಪಕ್ಕದ ಕೆತ್ತನೆಯ ಗಾಜಿನಲ್ಲಿ ಒಳಗಿನವರಿಗೆ ಹೊರಗಿನವರು, ಹೊರಗಿನವರಿಗೆ ಒಳಗಿನವರು ಸೊಟ್ಟ ಸೊಟ್ಟಗೆ ಕಾಣುತ್ತಿದ್ದರು. ಒಂದು ನಿಮಿಷ, ಒಂದೇ ನಿಮಿಷ ಎಂದು ದ್ವಾರಕಾನಾಥ ಕಾಲು ಗಂಟೆ ಹೇಳಿದ. ಕೊನೆಗೆ ಮೈತ್ರಿ ಯಾರನ್ನೂ ಕೇಳದೆ ಹೋಗಿ ಗುಂಡಿ ಒತ್ತಿ ಬಂದಳು.

"ಅಮ್ಮಾ, ಐ ಓಪನ್ಡ್ ದ ಗ್ಯಾರೇಜ್."

ರೇಷ್ಮೆ ಸೀರೆಗಳು, ಒಬ್ಬಟ್ಟಿನ ಡಬ್ಬಿಗಳು, ಕೈಗೂಸುಗಳು ಸಾಲಾಗಿ ಹಳೆಯ ಟೈರುಗಳನ್ನೂ ಕಸದ ಡಬ್ಬವನ್ನೂ ದಾಟಿಕೊಂಡು ಒಳಗೆ ಬಂದವು. ಅಡುಗೆಮನೆಯಲ್ಲಿ ರಜನಿ ಕೋಟು ಬಿಚ್ಚಲು ಹೋದವಳು ಮತ್ತೆ ಹಾಕಿಕೊಂಡಳು.

"ಯಾಕೆ ಇಷ್ಟು ಚಳಿ ಇಲ್ಲಿ? ಯಾವ್ದಾದ್ರೂ ಬಾಗಿಲು ತೆಗೆದಿಟ್ಟಿದೀಯಾ?"

"ಇಲ್ಲ ರಜನಿ, ಎಲ್ಲಾ ಮುಚ್ಚಿದೆ," ಎಂದಳು ಪ್ರತಿಭಾ. "ಒಂದಂತೂ ತುಂಬಾ ಚೆನ್ನಾಗಿ ಮುಚ್ಚಿದೆ."

ದ್ವಾರಕಾನಾಥ ಆ ದಿನ ಒಬ್ಬಟ್ಟು ಒಂದೇ ತಿಂದ. ಅವನ ಮುಖ ನೋಡಿ ಅವಳಿಗೆ ಪಾಪ ಅನ್ನಿಸಿದ್ದೂ ನಿಜ, ಸುಮಾರು ಸಂಜೆಯವರೆಗೆ.

ಸೋಮವಾರ ಅವಳು ಡೆನಿಸ್‌ಗೆ ಫೋನ್ ಮಾಡಿದಳು. ದುಡ್ಡು ಅವಳ ಬೋನಸ್ಸಿನದು. ಹಾಳೆ, ಹಂತ ಏನೂ ಇಲ್ಲ. ಅವನು ಒಂದೂವರೆ ದಿನದಲ್ಲಿ ಹಿಂದಿನ ಎರಡೂ ಬಾಗಿಲು ಕೂರಿಸಿದ. ಹೋಗುವಾಗ ಮಹಾಗನಿಯ ಅಂಚನ್ನು ಉಜ್ಜುಗೊರಡಿನಿಂದ ಹೆರೆದು, ಎಣ್ಣೆ ಬಳಿದು, ರಬ್ಬರ್ ಪಟ್ಟಿಯನ್ನೂ ಹಾಕಿದ. ಅದಕ್ಕೆ ನಲವತ್ತು ಡಾಲರ್ ತೆಗೆದುಕೊಂಡ.

ಮುಂದಿನ ಚಳಿಗಾಲದಲ್ಲಿ ಗ್ಯಾಸಿನ ಬಿಲ್ಲು ನೂರ ತೊಂಬತ್ತಕ್ಕೆ ಇಳಿಯಿತು. ಪ್ರತಿಭಾ ಹತ್ತಿಯ ಚೂಡಿದಾರದಲ್ಲಿ ಅಡುಗೆ ಮಾಡಿದಳು. ದ್ವಾರಕಾನಾಥ ಬಜೆಟ್ ತೆರೆದು ಉಳಿತಾಯವನ್ನೆಲ್ಲ ಮೊದಲನೆಯ ಹಂತದ ಮುಂದೆ ಬರೆದು ಹಸಿರು ಬಣ್ಣ ತುಂಬಿದ. ಸಂಕ್ರಾಂತಿಗೆ ರಜನಿಯ ಮನೆಯಲ್ಲಿ ಸೇರಿದ್ದ ಗಂಡಸರಿಗೆ, ಒಂದು ಒಳ್ಳೆಯ ಬಾಗಿಲು ಹಾಕಿಸಿದರೆ ಇಡೀ ಮನೆಯ ಹವೆಯೇ ಬದಲಾಗುತ್ತದೆ ಎಂದು ಅಂಕಿಅಂಶ ಸಮೇತ ವಿವರಿಸಿದ. ಇಬ್ಬರು ಆ ಹಾಳೆಗಳನ್ನು ಕಳಿಸಲು ಹೇಳಿದರು.

ಎಳ್ಳು ಬೆಲ್ಲ ಹಂಚುತ್ತಿದ್ದ ಪ್ರತಿಭಾಗೆ ಅದೆಲ್ಲ ಕೇಳಿಸಿತು. ಬಾಯಿ ತೆರೆದಳು, ಗಂಡನ ಅರಳಿದ ಮುಖ ನೋಡಿದಳು, ಒಂದು ಚೂರು ಕೊಬ್ಬರಿ ಹಾಕಿಕೊಂಡು ಬಾಯಿ ಮುಚ್ಚಿದಳು. ಆಮೇಲೆ ಆ ಇಬ್ಬರ ಹೆಂಡತಿಯರನ್ನು ಮೂಲೆಗೆ ಕರೆದು, ಅವರವರ ಫೋನಿನಲ್ಲಿ ಡೆನಿಸ್‌ನ ನಂಬರ್ ತಾನೇ ಒತ್ತಿಕೊಟ್ಟಳು. ನಿಮ್ಮವರು ಮೊದಲನೆಯ ಹಂತ ಮುಗಿಸಲಿ, ಆಮೇಲೆ ಕಾಲ್ ಮಾಡಿ ಎಂದಳು.